ಪುಣೆಯಲ್ಲಿ ಕೂತು ಟೆಕ್ನೋ ಲೇಬಲ್ ನಡೆಸುವವರಿಗೆ ಬ್ಯಾಂಡ್‌ಕ್ಯಾಂಪ್ ಆದೀತಾ?

"ಅಣ್ಣಾ, ಟ್ರ್ಯಾಕ್ ರೆಡಿ ಆಗೇತಿ. ರಿಲೀಸ್ ಎಲ್ಲಿ ಮಾಡೂದು?" ಬೆಳಗಾವಿ, ಧಾರವಾಡ ಕಡೆಯಿಂದ ಪುಣೆಗೆ ಓದಲು ಬಂದ ಹುಡುಗರು ನನ್ನನ್ನು ಕೇಳುವುದು ಇದನ್ನೇ. ಮೊದಲು ಬ್ಯಾಂಡ್‌ಕ್ಯಾಂಪ್, ಉಳಿದದ್ದೆಲ್ಲ ಆಮೇಲೆ ಅಂತ ಹೇಳುತ್ತೇನೆ. ಸಂಗೀತ ಮಾಡಿದವರೇ ಕೇಳುಗರಿಗೆ ನೇರವಾಗಿ ಮಾರುವ ಜಾಲತಾಣ ಅದು. ಕೋಥರೂಡ್‌ನ ಮನೆಯ ಹಿಂದಿನ ಕೋಣೆಯಿಂದ ಟೆಕ್ನೋ (ಕುಣಿತಕ್ಕೆಂದು ಯಂತ್ರಗಳಲ್ಲಿ ಕಟ್ಟುವ ಸಂಗೀತ) ಹೊರತರುವ ಸಣ್ಣ ಲೇಬಲ್ ನಡೆಸುತ್ತಾ, ನನ್ನ ಟ್ರ್ಯಾಕ್‌ಗಳ ಜೊತೆ ಬೇರೆಯವರದ್ದನ್ನೂ ಅಲ್ಲೇ ಮಾರುತ್ತಿರುವುದರಿಂದ ಕಾರಣ ಬಿಡಿಸಿ ಬರೆಯುತ್ತಿದ್ದೇನೆ.

ಸ್ಟ್ರೀಮಿಂಗ್ ಯಾಕೆ ಸಾಲದು ಅನ್ನುವುದು ಮೊದಲು. ಸ್ಪಾಟಿಫೈ 2024ರಲ್ಲಿ ಒಂದು ನಿಯಮ ತಂದಿತು: ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದ ಟ್ರ್ಯಾಕಿಗೆ ರೆಕಾರ್ಡಿಂಗ್ ರಾಯಲ್ಟಿ ಇಲ್ಲ. ನಮ್ಮ ಟ್ರ್ಯಾಕ್‌ಗಳು ಏಳೆಂಟು ನಿಮಿಷದವು. ಹಾಡುವ ದನಿ ಇಲ್ಲ, ಶುರುವಿನ ಒಂದು ನಿಮಿಷ ಬರೀ ಕಿಕ್, ಹೈಹ್ಯಾಟ್ ಅನ್ನುವ ಡ್ರಮ್ ಸದ್ದು. ಡಿಜೆ ಹಿಂದಿನ ಟ್ರ್ಯಾಕಿನಿಂದ ಇದಕ್ಕೆ ದಾಟಲಿ ಅಂತಲೇ ಹಾಗೆ ಕಟ್ಟಿರುತ್ತೇವೆ. ಇದನ್ನು ಬಸ್ಸಿನಲ್ಲಿ ಕೂತು ಸಾವಿರ ಜನ ಕೇಳುವುದಿಲ್ಲ. ಕೆಲವೇ ಡಿಜೆಗಳು ಕೊಂಡು, ರಾತ್ರಿ ಎರಡು ಗಂಟೆಗೆ ದೊಡ್ಡ ಸ್ಪೀಕರ್‌ನಲ್ಲಿ ನುಡಿಸುತ್ತಾರೆ. ಅವರಿಗೆ ಬೇಕಾದ್ದು ಫೈಲ್.

ಬ್ಯಾಂಡ್‌ಕ್ಯಾಂಪ್ ಕೊಡುವುದು ಅದನ್ನೇ. ನಾವು ವೇವ್ ಫೈಲ್ ಏರಿಸಿದರೆ ಸಾಕು. ಕೊಂಡವರು ವೇವ್, ಎಐಎಫ್ಎಫ್, ಫ್ಲ್ಯಾಕ್, ಎಂಪಿ3 ಯಾವುದು ಬೇಕೋ ಅದರಲ್ಲಿ ಇಳಿಸಿಕೊಳ್ಳಬಹುದು. ಸಾಧಾರಣ ಖಾತೆಗೆ ದುಡ್ಡಿಲ್ಲ. ಡಿಜಿಟಲ್ ಮಾರಾಟದಲ್ಲಿ ಶೇ. 15, ವಿನೈಲ್, ಟೀ ಶರ್ಟ್‌ನಂಥ ವಸ್ತುಗಳಲ್ಲಿ ಶೇ. 10 ಅವರು ಹಿಡಿಯುತ್ತಾರೆ. 5 ಡಾಲರ್‌ನ ಇಪಿ (ಕೆಲವೇ ಟ್ರ್ಯಾಕ್‌ಗಳ ಸಣ್ಣ ಆಲ್ಬಂ) ಮಾರಿದರೆ 75 ಸೆಂಟ್ ಅವರಿಗೆ. ಪಾವತಿ ಶುಲ್ಕ ಬೇರೆ. ಉಳಿದದ್ದರಲ್ಲಿ ಅರ್ಧ ಲೇಬಲ್‌ಗೆ, ಅರ್ಧ ಟ್ರ್ಯಾಕ್ ಮಾಡಿದವರಿಗೆ ಅಂತ ನಮ್ಮಲ್ಲಿ ಒಪ್ಪಂದ. ಯುರೋಪಿನ ಗಿರಾಕಿಯ ವ್ಯಾಟ್ ಅನ್ನು ಡಿಜಿಟಲ್ ಮಾರಾಟದಲ್ಲಿ ಅವರೇ ವಸೂಲಿ ಮಾಡಿ ಕಟ್ಟುತ್ತಾರೆ. ಒಬ್ಬನೇ ಎಲ್ಲ ಕೆಲಸ ಮಾಡುವಾಗ ಇದು ಎಷ್ಟು ದೊಡ್ಡ ಉಪಕಾರ ಅನ್ನುವುದು ತೆರಿಗೆ ಫಾರ್ಮ್ ಮುಂದೆ ಕೂತವರಿಗೆ ಗೊತ್ತು.

ಬ್ಯಾಂಡ್‌ಕ್ಯಾಂಪ್ ಫ್ರೈಡೇ ಬಿಡಬೇಡಿ. 2020ರ ಮಾರ್ಚ್‌ನಲ್ಲಿ, ಕೊರೊನಾದಿಂದ ಕಾರ್ಯಕ್ರಮಗಳೆಲ್ಲ ನಿಂತಾಗ ಶುರುವಾದದ್ದು. ಆಯ್ದ ಶುಕ್ರವಾರಗಳಂದು ಅವರು ತಮ್ಮ ಪಾಲು ಬಿಟ್ಟುಕೊಡುತ್ತಾರೆ. ದಿನ ಎಣಿಸುವುದು ಅಮೆರಿಕದ ಪಶ್ಚಿಮ ಕರಾವಳಿಯ ಗಡಿಯಾರದ ಪ್ರಕಾರ, ಅಂದರೆ ನಮಗೆ ಬೇಸಿಗೆಯಲ್ಲಿ ಮಧ್ಯಾಹ್ನ 12:30, ಚಳಿಗಾಲದಲ್ಲಿ 1:30ಕ್ಕೆ ಶುರು. ಊಟ ಮುಗಿಸಿ ರಿಲೀಸ್ ಒತ್ತಿದರೆ ಬರ್ಲಿನ್‌ನವರು ಬೆಳಗಿನ ಕಾಫಿ ಕುಡಿಯುತ್ತಿರುತ್ತಾರೆ. ಸರಿಯಾದ ಹೊತ್ತು.

ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಮಾತ್ರ ಬೇರೆ. ಒಂದು ಪ್ರತಿ ಮಾರಾಟವಾದರೆ 'ಚಾ-ಚಿಂಗ್!' ಅಂತ ಮೇಲ್ ಬರುತ್ತದೆ, ಅದರಲ್ಲಿ ಕೊಂಡವರ ಹೆಸರಿರುತ್ತದೆ. ಒಪ್ಪಿದವರ ಇಮೇಲ್ ವಿಳಾಸ ನಮ್ಮ ಪಟ್ಟಿಗೆ ಸೇರುತ್ತದೆ. ಪೋಲೆಂಡ್‌ನ ಒಬ್ಬರು ನಮ್ಮ ಎರಡನೇ ಟ್ರ್ಯಾಕಿನ ಕೆಳಗೆ "ಕಿಕ್ ಹಿಂದೆ ಕೇಳುವ ಆ ತಗಡಿನ ಸದ್ದು ಏನು?" ಅಂತ ಬರೆದಿದ್ದರು. ಗಣಪತಿ ಮೆರವಣಿಗೆಯಲ್ಲಿ ಬಾರಿಸುವ ತಾಶಾ ವಾದ್ಯ ಅದು, ಲಕ್ಷ್ಮೀ ರಸ್ತೆಯಲ್ಲಿ ನಾನೇ ರೆಕಾರ್ಡ್ ಮಾಡಿ, ವೇಗ ಇಳಿಸಿ ಬಳಸಿದ್ದು. ಉತ್ತರ ಬರೆದೆ. ಆಮೇಲೆ ನಮ್ಮ ಪ್ರತಿ ರಿಲೀಸನ್ನೂ ಅವರು ಕೊಳ್ಳುತ್ತಾರೆ, ಕೇಳಿದ್ದಕ್ಕಿಂತ ಒಂದೆರಡು ಡಾಲರ್ ಹೆಚ್ಚೇ ಕೊಟ್ಟು. ಡೆಟ್ರಾಯಿಟ್‌ನಲ್ಲಿ ವಾನ್ ಆಟ್ಕಿನ್ಸ್ 1985ರಲ್ಲಿ ಮೆಟ್ರೋಪ್ಲೆಕ್ಸ್, ಮರುವರ್ಷ ಡೆರಿಕ್ ಮೇ ಟ್ರಾನ್ಸ್‌ಮ್ಯಾಟ್ ಶುರುಮಾಡಿದ ಕಾಲದಿಂದ ಟೆಕ್ನೋ ಬೆಳೆದದ್ದೇ ಹೀಗೆ, ಸಂಗೀತ ಮಾಡುವವರೇ ಲೇಬಲ್ ಕಟ್ಟಿಕೊಂಡು. ಕೇಳುಗ ಯಾರು ಅಂತ ಲೇಬಲ್‌ನವನಿಗೆ ನೇರವಾಗಿ ಗೊತ್ತಿರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ತೊಡಕುಗಳು. ನಮ್ಮವರೇ ಕೊಳ್ಳುವುದು ಕಷ್ಟ. ಯುಪಿಐ ಇಲ್ಲ. ನಮಗೆ ಹಣ ಬರುವ ದಾರಿಯಾದ ಪೇಪಾಲ್ 2021ರ ಏಪ್ರಿಲ್ 1ರಿಂದ ಭಾರತದೊಳಗಿನ ಪಾವತಿ ನಿಲ್ಲಿಸಿದೆ, ಹೊರದೇಶದ ಹಣ ಮಾತ್ರ ಬರುತ್ತದೆ. ಮುಂಬೈ, ಗೋವಾದ ಗೆಳೆಯರು ನನಗೆ ಯುಪಿಐನಲ್ಲಿ ದುಡ್ಡು ಹಾಕುತ್ತಾರೆ, ನಾನು ಡೌನ್‌ಲೋಡ್ ಕೋಡ್ ಕಳಿಸುತ್ತೇನೆ. ಹೊರದೇಶದ ಹಣಕ್ಕೆ ಪರ್ಪಸ್ ಕೋಡ್ (ಹಣ ಯಾತಕ್ಕೆ ಬಂತು ಅಂತ ಬ್ಯಾಂಕಿಗೆ ಹೇಳುವ ಸಂಕೇತ) ಸರಿಯಾಗಿ ಆರಿಸಿ. ನಾನು ಖಾತೆ ಇಟ್ಟಿದ್ದ ಒಂದು ಬ್ಯಾಂಕಿನಲ್ಲಿ "ಹಾಡು ಮಾರಿ ಡಾಲರ್ ಬರತ್ತಾ?" ಅಂತ ವಾರಗಟ್ಟಲೆ ಓಡಾಡಿಸಿದರು. ಪ್ರತಿ ಮಾರಾಟದ ರಿಪೋರ್ಟ್ ಪ್ರಿಂಟ್ ತೆಗೆದು ತೋರಿಸಿದ ಮೇಲೆ ಬಿಟ್ಟರು.

ಅಂಗಡಿ ಇಟ್ಟ ಮಾತ್ರಕ್ಕೆ ಗಿರಾಕಿ ಬರುವುದಿಲ್ಲ ಅನ್ನುವುದೂ ನಿಜ. ಬರೀ ಡಿಜೆಗಳೇ ಹುಡುಕಾಡುವ ಜಾಗ ಬೇಕಾದರೆ ಬೀಟ್‌ಪೋರ್ಟ್ ಇದೆ, ಆದರೆ ಅಲ್ಲಿ ಕೊಂಡವರ ವಿಳಾಸ ನಮ್ಮ ಕೈಗೆ ಸಿಗುವುದಿಲ್ಲ.

ಕಂಪನಿ ಕೈ ಬದಲಾಗುತ್ತಿರುವುದು ನನ್ನ ದೊಡ್ಡ ಚಿಂತೆ. ಬ್ಯಾಂಡ್‌ಕ್ಯಾಂಪನ್ನು 2022ರಲ್ಲಿ ವಿಡಿಯೋ ಗೇಮ್ ಕಂಪನಿ ಎಪಿಕ್ ಗೇಮ್ಸ್ ಕೊಂಡಿತು, 2023ರಲ್ಲಿ ಸಂಗೀತದ ಪರವಾನಗಿ ಮಾರುವ ಸಾಂಗ್‌ಟ್ರೇಡರ್‌ಗೆ ಮಾರಿತು, ಆಗ ಸುಮಾರು ಅರ್ಧದಷ್ಟು ನೌಕರರು ಕೆಲಸ ಕಳೆದುಕೊಂಡರು. ನಾಳೆ ಯಾರ ಕೈಗೆ ಹೋಗುತ್ತದೋ. ಹಾಗಾಗಿ ತಿಂಗಳಿಗೊಮ್ಮೆ ಇಮೇಲ್ ಪಟ್ಟಿಯನ್ನು ಇಳಿಸಿ ನನ್ನ ಹಾರ್ಡ್‌ಡಿಸ್ಕ್‌ನಲ್ಲಿ ಇಡುತ್ತೇನೆ, ಮಾಸ್ಟರ್ ಫೈಲ್‌ಗಳ ಪಕ್ಕದಲ್ಲೇ.

ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ತಿಂಗಳಿಗೆ 20 ಡಾಲರ್‌ನ ಲೇಬಲ್ ಖಾತೆಗೆ ಅವಸರ ಬೇಡ. ಅದರಲ್ಲಿ 15 ಕಲಾವಿದರವರೆಗೆ ಸೇರಿಸಬಹುದು, ನಿಮ್ಮಲ್ಲಿ ಇಬ್ಬರು ಮೂವರೇ ಇದ್ದರೆ ಪುಕ್ಕಟೆ ಖಾತೆಯನ್ನೇ ಲೇಬಲ್ ಹೆಸರಲ್ಲಿ ತೆರೆದು ನಡೆಸಿ. ಕವರ್ ಚಿತ್ರ 1,400 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ತೆಗೆದುಕೊಳ್ಳುವುದಿಲ್ಲ, ಶುಕ್ರವಾರದ ರಿಲೀಸ್ ಆದರೆ ಅದನ್ನು ಗುರುವಾರ ರಾತ್ರಿಯೇ ನೋಡಿಕೊಳ್ಳಿ.