ಜಿಪಿಯು-28 ರಾಗಿ ಬೀಜ: ಎರಡು ಮುಂಗಾರಿನ ಅನುಭವ

ನಮ್ಮದು ಮಳೆಯನ್ನೇ ನಂಬಿದ ಎರಡು ಎಕರೆ ಕೆಂಪು ಮಣ್ಣಿನ ಹೊಲ. ಅಲ್ಲಿ ಸತತವಾಗಿ ಎರಡು ಮುಂಗಾರು ಜಿಪಿಯು-28 ರಾಗಿಯನ್ನು ಬಿತ್ತಿ, ಕೊಯ್ದು, ಒಕ್ಕಣೆ ಮಾಡಿದ ಮೇಲೆ, ನೀಲಿ ಚೀಟಿಯ ಪ್ರಮಾಣಿತ ಬೀಜಕ್ಕೆ ಕೊಟ್ಟ ಹಣ ಸಾರ್ಥಕವಾಯಿತೆಂದು ಹೇಳಬಲ್ಲೆ.

ಈ ತಳಿಯ ನಿಜವಾದ ಬೆಲೆ ತಿಳಿಯುವುದು ತೆನೆ ಹೊರಡುವ ಹೊತ್ತಿನಲ್ಲಿ. ಮೊದಲ ವರ್ಷ ಆ ವಾರವಿಡೀ ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದಾಗ, ಪಕ್ಕದ ಹೊಲದ ಹಳೆಯ ಬೀಜದ ಪೈರಿನಲ್ಲಿ ಬೆಂಕಿ ರೋಗದಿಂದ ತೆನೆಯ ಕುತ್ತಿಗೆ ಕಪ್ಪಾಗಿ ಕಾಳು ಜೊಳ್ಳಾಯಿತು. ನಮ್ಮಲ್ಲಿ ಅಲ್ಲೊಂದು ಇಲ್ಲೊಂದು ತೆನೆಯಷ್ಟೇ ಹೋಯಿತು. ಇಂಡಾಫ್-5, ಇಂಡಾಫ್-9 ಮತ್ತು ರೋಗ ತಡೆಯುವ ಗುಣವುಳ್ಳ ಐಇ-1012 ಈ ತಳಿಯ ಪೂರ್ವಜರು. ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ಸಾಲಿನ ತಳಿಗಳನ್ನು ಕೊಟ್ಟವರು ರಾಗಿ ಲಕ್ಷ್ಮಣಯ್ಯನವರು. ರಾಗಿಯ ಹೂವು ಬಹಳ ಸಣ್ಣದು, ಅದರೊಳಗೇ ಪರಾಗಸ್ಪರ್ಶ ಮುಗಿದುಹೋಗುತ್ತದೆ. ಅಂಥ ಬೆಳೆಯಲ್ಲಿ ಸಂಕರ ಮಾಡಿ, ಪೀಳಿಗೆಯಿಂದ ಪೀಳಿಗೆಗೆ ಒಳ್ಳೆಯ ಗಿಡಗಳನ್ನೇ ಆರಿಸುತ್ತ ಹೋಗುವುದಕ್ಕೆ ಬೇಕಾದ ತಾಳ್ಮೆಯನ್ನು ನೆನೆದಾಗ ನನಗೆ ಕೃತಜ್ಞತೆ ಮೂಡುತ್ತದೆ.

ಬೆಳೆ ನೂರ ಹದಿನೈದು ದಿನಗಳ ಒಳಗೆ ಕೊಯ್ಲಿಗೆ ಬಂದಿತು. ಜುಲೈ ಕೊನೆಗೆ ಕೂರಿಗೆ ಹಿಡಿದರೂ ತಡವಾಗಲಿಲ್ಲ. ಎಕರೆಗೆ ಹನ್ನೊಂದು ಕ್ವಿಂಟಲ್ ಕಾಳು ಸಿಕ್ಕಿತು, ಮುದ್ದೆಯೂ ಚೆನ್ನಾಗಿ ಕೂಡಿಬರುತ್ತದೆ. ಕೊರತೆಯೆಂದರೆ ಹುಲ್ಲು: ಹಿಂದೆ ಬೆಳೆಯುತ್ತಿದ್ದ ದೀರ್ಘಾವಧಿಯ ರಾಗಿಗೆ ಹೋಲಿಸಿದರೆ ನಮ್ಮ ಮೆದೆ ಈಗ ಚಿಕ್ಕದು. ಹಸುಗಳನ್ನು ಹೆಚ್ಚು ಸಾಕಿರುವವರು ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಏಕೆಂದರೆ ಬೇಸಿಗೆಯಲ್ಲಿ ಹುಲ್ಲು ಕೊಳ್ಳುವ ಖರ್ಚು ಕಾಳಿನ ಲಾಭವನ್ನು ತಿಂದುಹಾಕಬಹುದು.

ಬೀಜ ಮಾರಿದ ಕೇಂದ್ರದ ವಿಷಯದಲ್ಲಿ ನನಗೆ ಅಸಮಾಧಾನವಿದೆ. ಹದ ಮಳೆ ಬಿದ್ದು ಎಂಟು ದಿನ ಕಳೆದ ಮೇಲೆ ಚೀಲಗಳು ಬಂದವು, ಅಷ್ಟರಲ್ಲಿ ಹೊಲದ ಮೇಲ್ಮಣ್ಣು ಒಣಗಿತ್ತು. ಆದರೆ ಇದು ಸಂಕರದಿಂದ ಹುಟ್ಟಿದರೂ ಪೀಳಿಗೆಗಳ ಆಯ್ಕೆಯಿಂದ ಸ್ಥಿರವಾದ ತಳಿ, ಹೈಬ್ರಿಡ್ ಅಲ್ಲ; ನಾವು ಬೆಳೆದ ಕಾಳನ್ನೇ ಬೀಜಕ್ಕೆ ಇಟ್ಟುಕೊಳ್ಳಬಹುದಾದ ಕಾರಣ ವರ್ಷವರ್ಷವೂ ಚೀಲಕ್ಕಾಗಿ ಕಾಯಬೇಕಿಲ್ಲ. ಎರಡನೆಯ ಮುಂಗಾರಿಗೆಂದು, ಮೊದಲ ವರ್ಷದ ಕೊಯ್ಲಿಗೆ ಮುಂಚೆಯೇ ಹೊಲದ ನಡುವೆ ನಡೆದು, ಬೇರೆ ಬಣ್ಣದ ಮತ್ತು ಎತ್ತರದ ಬೆರಕೆ ಗಿಡಗಳನ್ನು ಕಿತ್ತುಹಾಕಿ, ತುಂಬಿದ ತೆನೆಗಳನ್ನಷ್ಟೇ ಬೇರೆಯಾಗಿ ಒಣಗಿಸಿಟ್ಟಿದ್ದೆ. ಆ ಬೀಜ ಮೊದಲ ವರ್ಷದ ಚೀಲದ ಬೀಜದಷ್ಟೇ ಒಂದೇ ಸಮನಾಗಿ ಮೊಳೆತು, ಬುಡದಿಂದ ಮರಿ ಕವಲುಗಳಾಗಿ ತೆಂಡೆ ಒಡೆಯಿತು.