ಬುರ್ರಾಟವೋ, ಪಾರ್ಮಿಜಾನೋವೋ: ಮನೆಗೆ ತರಿಸುವವರಿಗೆ

ಬೆಂಗಳೂರಿನಲ್ಲಿ ಬೆನೆಡಿಕ್ಟೈನ್ ಪಂಥದ ಕ್ರೈಸ್ತ ಸನ್ಯಾಸಿಗಳು ತಯಾರಿಸುವ ಬುರ್ರಾಟದಂಥ ಹಸಿ ಚೀಸನ್ನು ಆನ್‌ಲೈನ್‌ನಲ್ಲಿ ತರಿಸುವುದಾದರೆ ದೂರವೇ ಮೊದಲ ಪ್ರಶ್ನೆಯಾಗುತ್ತದೆ. ನಗರದೊಳಗೆ ಅದೇ ದಿನ ತಲುಪಿದರೆ ಚಾಕು ತಾಗುತ್ತಲೇ ಒಳಗಿನ ಕೆನೆ ತಟ್ಟೆಗೆ ಹರಿಯುತ್ತದೆ. ಎರಡು ದಿನ ಕೊರಿಯರ್‌ನಲ್ಲಿ ಸುತ್ತಿದರೆ, ಒಮ್ಮೆ ನನಗೆ ಬಂದ ಪೊಟ್ಟಣದಂತೆ, ಐಸ್ ಚೀಲ ಬೆಚ್ಚಗಾಗಿ ಹುಳಿ ವಾಸನೆ ಹೊಡೆಯುತ್ತದೆ.

ಕನಿಷ್ಠ 12 ತಿಂಗಳು ಮಾಗಿಸುವ ಇಟಲಿಯ ಗಟ್ಟಿ ಚೀಸ್ ಪಾರ್ಮಿಜಾನೋ ರೆಜ್ಜಾನೋದಲ್ಲಾದರೋ ನೀರಿನಂಶ ಕಡಿಮೆಯಿರುವುದರಿಂದ, ಗಾಳಿ ತೆಗೆದ ಪೊಟ್ಟಣದಲ್ಲಿ ಅದು ಕಲಬುರಗಿಯವರೆಗಿನ ಪ್ರಯಾಣವನ್ನೂ ತಾಳಿಕೊಳ್ಳುತ್ತದೆ. ತುರಿದದ್ದಕ್ಕಿಂತ ಸಿಪ್ಪೆಸಹಿತ ತುಂಡೇ ಲೇಸು, ಏಕೆಂದರೆ ಸಿಪ್ಪೆಯ ಮೇಲಿನ ಚುಕ್ಕೆಯಚ್ಚು ಅಸಲಿಯ ಗುರುತು. ಆದರೆ ಅದನ್ನು ಕರುವಿನ ಹೊಟ್ಟೆಯ ಕಿಣ್ವವಾದ ರೆನೆಟ್‌ನಿಂದ ಹೆಪ್ಪುಗಟ್ಟಿಸುವುದರಿಂದ ಸಸ್ಯಾಹಾರಿಗಳಿಗೆ ಅದು ಸಲ್ಲದು; ಅಂಥವರು ಹಸಿರು ಚುಕ್ಕೆಯಿರುವ ದೇಶೀ ಗಟ್ಟಿ ಚೀಸನ್ನೇ ಹುಡುಕಬೇಕು.