ಹಳೆಯ ಗೇಮ್ ಬಾಯ್ ಕೊಳ್ಳುವುದೋ, ಅಡ್ವಾನ್ಸ್ ಎಸ್‌ಪಿಯೋ?

ಜಪಾನಿನ ನಿಂಟೆಂಡೊ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮ್ ಯಂತ್ರಗಳಲ್ಲಿ ಸೆಕೆಂಡ್‌ಹ್ಯಾಂಡ್ ಹುಡುಕುವವರ ಗೊಂದಲ ಹೆಚ್ಚಾಗಿ ಈ ಎರಡರ ನಡುವೆ: ಮೊದಲ ಗೇಮ್ ಬಾಯ್ ಮತ್ತು ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ.

1989ರ ಗೇಮ್ ಬಾಯ್‌ಗೆ ನಾಲ್ಕು ಎಎ ಸೆಲ್ ಬೇಕು. ಪರದೆಗೆ ಬೆಳಕಿಲ್ಲ, ರಾತ್ರಿ ದೀಪದ ಕೆಳಗೇ ಕೂರಬೇಕು. ಪರದೆಯಲ್ಲಿ ಉದ್ದುದ್ದ ಗೆರೆಗಳು ಮಾಯವಾಗಿದ್ದರೆ ಒಳಗೆ ಪರದೆಗೆ ಅಂಟಿಸಿದ ರಿಬ್ಬನ್ ಕೇಬಲ್‌ನ (ಪಟ್ಟಿಯಂಥ ತಂತಿಯ) ಅಂಟು ಬಿಟ್ಟಿದೆ ಎಂದರ್ಥ. ಸಾಲ್ಡರಿಂಗ್ ಐರನ್ನಿನ ಹದವಾದ ಶಾಖದಿಂದ ಬಹಳ ಸಲ ಸರಿಹೋಗುತ್ತದೆ. ಸೆಲ್ ಸೋರಿ ಹಸಿರುಗಟ್ಟಿದ ತಗಡನ್ನು ವಿನೆಗರ್ ಅದ್ದಿದ ಹತ್ತಿಯಿಂದ ಒರೆಸಿ, ಚೆನ್ನಾಗಿ ಒಣಗಿಸಿ. ಹೆಡ್‌ಫೋನ್ ನೇರವಾಗಿ ಸಿಕ್ಕಿಸಬಹುದು, ಇದು ದೊಡ್ಡ ಅನುಕೂಲ.

2003ರ ಎಸ್‌ಪಿ ಮಡಚುತ್ತದೆ, ಚಾರ್ಜ್ ಆಗುತ್ತದೆ. ಗೇಮ್ ಬಾಯ್, ಗೇಮ್ ಬಾಯ್ ಕಲರ್, ಗೇಮ್ ಬಾಯ್ ಅಡ್ವಾನ್ಸ್ ಮೂರರ ಕಾರ್ಟ್ರಿಜ್‌ಗಳೂ (ಯಂತ್ರಕ್ಕೆ ಸಿಕ್ಕಿಸುವ ಆಟದ ಬಿಲ್ಲೆಗಳು) ಇದರಲ್ಲಿ ಓಡುತ್ತವೆ. ಹೆಡ್‌ಫೋನ್‌ಗೆ ಮಾತ್ರ ಬೇರೆ ಅಡಾಪ್ಟರ್ ಬೇಕು. ಕೊಳ್ಳುವ ಮುಂಚೆ ಹಿಂಬದಿಯ ಲೇಬಲ್ ನೋಡಿ: ಎಜಿಎಸ್-001 ಮಾದರಿಯಲ್ಲಿ ಬೆಳಕು ಮುಂದಿನಿಂದ ಬೀಳುವುದರಿಂದ ಬಣ್ಣ ಮಂಕು, 2005ರಲ್ಲಿ ಅಮೆರಿಕಕ್ಕೆ ಬಂದ ಎಜಿಎಸ್-101ರಲ್ಲಿ ಬೆಳಕು ಹಿಂದಿನಿಂದ, ಚಿತ್ರ ಬಹಳ ಚೆಂದ. ಹೊರಕವಚ ಬದಲಿಸಿದ್ದರೆ ಲೇಬಲ್ ನಂಬಬೇಡಿ. ಬೆಳಕಿನ ಗುಂಡಿ ಒತ್ತಿ: ಪೂರ್ತಿ ಆರಿದರೆ 001, ಪ್ರಖರತೆ ತುಸು ತಗ್ಗಿದರೆ 101.

ದಿನವೂ ಆಡುವವರಿಗೆ ನಿಸ್ಸಂಶಯವಾಗಿ 101. ಮೊದಲ ಗೇಮ್ ಬಾಯ್‌ನ ಹಸಿರು ಪರದೆಯೇ ಬೇಕೆನ್ನುವವರಿಗೆ ಮಾತ್ರ ಹಳೆಯದು.